ಕೊಂಬಿನ ಜೀನು

ಬೆಂಗಳೂರಿನ ಕುದುರೆಪಂದ್ಯದ ಮೈದಾನದಲ್ಲಿ ಜಾಕಿಯ ಅಡಿಯಲ್ಲಿ ಕಂಡೂ ಕಾಣದಂತಿರುವ, ಅರ್ಧ ಕಿಲೋ ತೂಕಕ್ಕೂ ಕಡಮೆಯಿರಬಹುದಾದ ಪುಟ್ಟ ಚರ್ಮದ ಹೊದಿಕೆಯನ್ನೇ ಜೀನೆಂದು ತಿಳಿದಿರುವವರಿಗೆ, ಅಮೆರಿಕೆಯ ಪಶ್ಚಿಮ ಸೀಮೆಯ ದನಗಾಹಿಗಳು ಬಳಸುವ ಜೀನು ಮೊದಲ ನೋಟಕ್ಕೆ ಒಂದು ಅತಿರೇಕದಂತೆ ತೋರಿದರೆ ಆಶ್ಚರ್ಯವಿಲ್ಲ. ಎದುರಿಗೆ ಎದ್ದು ನಿಂತ ಕೊಂಬು, ಹಿಂದೆ ಸೊಂಟಕ್ಕೆ ಆತುಕೊಳ್ಳುವ ದಿಂಡು, ಇಕ್ಕೆಲಗಳಲ್ಲಿ ಇಳಿಬಿದ್ದ ಅಗಲವಾದ ಚರ್ಮದ ಪಟ್ಟಿಗಳು, ಅವುಗಳ ಮೇಲೆ ಹೂಬಳ್ಳಿಯ ಕೆತ್ತನೆ, ಅಲ್ಲಲ್ಲಿ ಬೆಳ್ಳಿಯ ಬಿಲ್ಲೆ, ಇಷ್ಟೆಲ್ಲ ಸೇರಿ 18ರಿಂದ 22 ಕಿಲೋ ತೂಗುವ ಜೀನುಗಳೂ ಉಂಟು. ಚಲನಚಿತ್ರಗಳಲ್ಲಿ ಮಾತ್ರ ಇದನ್ನು ಕಂಡಿರುವ ನಮ್ಮ ಜನ ಇದೆಲ್ಲವನ್ನೂ ಒಟ್ಟಾಗಿ ಅಲಂಕಾರದ ಲೆಕ್ಕಕ್ಕೆ ಸೇರಿಸಿಬಿಡುವುದು ಸಹಜವಾದರೂ, ಅಲಂಕಾರವೆಂಬುದು ಈ ವಸ್ತುವಿನ ಇತಿಹಾಸದಲ್ಲಿ ತೀರ ತಡವಾಗಿ ಬಂದು ಸೇರಿದುದು. ಮಿಕ್ಕ ಒಂದೊಂದು ಅಂಗವೂ ಯಾವುದೋ ಒಂದು ಕೆಲಸದ ಒತ್ತಾಯದಿಂದ ಹುಟ್ಟಿದುದು. ಆದುದರಿಂದ ಇಂಥ ಜೀನನ್ನು ಕೊಳ್ಳಹೊರಟವನು ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಇದರ ಮೇಲೆ ಕುಳಿತು ನಾನು ಮಾಡತಕ್ಕ ಕೆಲಸ ಯಾವುದು, ಇದನ್ನು ಹೊರತಕ್ಕ ಬೆನ್ನು ಎಂತಹುದು?

ಈ ಜೀನಿನ ವಂಶದ ಮೂಲವನ್ನು ಹುಡುಕುತ್ತ ಹೋದರೆ ಸ್ಪೇನ್ ದೇಶವನ್ನು ತಲಪುತ್ತೇವೆ. 1519ರಲ್ಲಿ ಹರ್ನಾನ್ ಕೋರ್ಟೆಸ್ 16 ಕುದುರೆಗಳೊಡನೆ ಮೆಕ್ಸಿಕೋದ ತೀರದಲ್ಲಿ ಇಳಿದ ಕಾಲದಲ್ಲಿ ಸ್ಪೇನಿನ ರಾವುತರು ಬಳಸುತ್ತಿದ್ದುದು ಈಟಿಯ ಇರಿತಕ್ಕೂ ಕತ್ತಿಯ ಹೊಡೆತಕ್ಕೂ ಸವಾರನು ಕದಲದಂತೆ ಹಿಂದೆಯೂ ಮುಂದೆಯೂ ಎತ್ತರವಾದ ಆಸರೆಯನ್ನಿಟ್ಟ ಯುದ್ಧದ ಜೀನು. ಯುದ್ಧಗಳು ಮುಗಿದು, ಸ್ಪೇನಿನಿಂದ ಬಂದ ದನಗಳು ಬೇಲಿಯಿಲ್ಲದ ಬಯಲುಗಳಲ್ಲಿ ಬೆಳೆದು ಬೆಚ್ಚಿ ಓಡುವ ಕಾಡುಮೃಗಗಳಂತಾದಾಗ, ಅವುಗಳನ್ನು ಹಿಡಿಯುವ ವೃತ್ತಿಯನ್ನು ಕೈಕೊಂಡ ವಾಕೇರೋಗಳು ಆ ಯುದ್ಧದ ಜೀನನ್ನು ತಮ್ಮ ಕೆಲಸಕ್ಕೆ ತಕ್ಕಂತೆ ತಿದ್ದುತ್ತ ಬಂದರು. ಮೊದಮೊದಲು ಉದ್ದನೆಯ ಕೋಲಿನ ತುದಿಗೆ ಅರ್ಧಚಂದ್ರಾಕಾರದ ಅಲಗನ್ನು ಕಟ್ಟಿ, ಓಡುವ ಪಶುವಿನ ಹಿಂಗಾಲಿನ ನರವನ್ನು ಕಡಿದು ಕೆಡಹುವ ಕ್ರೂರವಾದ ಪದ್ಧತಿಯಿತ್ತು. ತೊಗಲು ಮತ್ತು ಕೊಬ್ಬಿಗಾಗಿಯೇ ದನವನ್ನು ಕೊಲ್ಲುತ್ತಿದ್ದವರಿಗೆ ಅದು ಸಾಕಾಗಿತ್ತು. ದನವನ್ನು ಜೀವಂತವಾಗಿ ಹಿಡಿಯಬೇಕಾದಾಗ ಕುಣಿಕೆಯ ಹಗ್ಗ ಬೇಕಾಯಿತು. ಹಗ್ಗದ ಇನ್ನೊಂದು ಕೊನೆಯನ್ನು ಎಲ್ಲಿ ಬಿಗಿಯುವುದೆಂಬ ಸಮಸ್ಯೆಗೆ ಕುದುರೆಯ ಬಾಲಕ್ಕೇ ಕಟ್ಟಿ ಉತ್ತರ ಕಂಡುಕೊಂಡಿದ್ದ ಕಾಲವೊಂದಿತ್ತೆಂಬುದನ್ನು ಕೇಳಿದರೆ ಇಂದು ನಗು ಬಂದೀತು. ಬಾಲದಿಂದ ಹಗ್ಗವು ಜೀನಿಗೆ ಬಂದು ಸೇರಿದಾಗ, ಜೀನಿನ ಮುಂದಿನ ಕಮಾನಿನ, ಎಂದರೆ ಮುಂಗಮಾನಿನ, ನೆತ್ತಿಯಲ್ಲಿ ಕೊಂಬು ಮೂಡಿತು. ಹೊಸಬರು ಭಯದಲ್ಲಿ ಅವುಚಿ ಹಿಡಿಯುವ ಆ ಕೊಂಬು ವಾಸ್ತವವಾಗಿ ಹುಟ್ಟಿದುದು ಸವಾರನ ಕೈಗಾಗಿ ಅಲ್ಲ, ಹಗ್ಗಕ್ಕಾಗಿ.

ಹಗ್ಗವನ್ನು ಆ ಕೊಂಬಿಗೆ ಹೇಗೆ ಬಿಗಿಯಬೇಕೆಂಬ ವಿಷಯದಲ್ಲಿ ಟೆಕ್ಸಸ್ಸಿನವರಿಗೂ ಕ್ಯಾಲಿಫೋರ್ನಿಯದವರಿಗೂ ಇದ್ದ ಭಿನ್ನಾಭಿಪ್ರಾಯವು ಜೀನಿನ ರೂಪವನ್ನೇ ಎರಡಾಗಿ ಒಡೆಯಿತು. ಮುಳ್ಳುಪೊದೆಗಳು ಕಿಕ್ಕಿರಿದ ಟೆಕ್ಸಸ್ಸಿನಲ್ಲಿ ಗಿಡ್ಡ ಹಗ್ಗದ ಕೊನೆಯನ್ನು ಮೊದಲೇ ಕೊಂಬಿಗೆ ಗಂಟುಹಾಕಿಟ್ಟು ಕುಣಿಕೆಯನ್ನೆಸೆಯುವುದು ರೂಢಿ. ಕುಣಿಕೆ ಬಿದ್ದೊಡನೆ ಹೋರಿಯ ಸಮಸ್ತ ವೇಗವೂ ಒಂದೇ ಜಗ್ಗಿನಲ್ಲಿ ಜೀನಿನ ಮೇಲೆ ಬಂದೆರಗುವುದರಿಂದ, ಜೀನು ಹಿಂದಿನಿಂದ ಮೇಲಕ್ಕೆದ್ದು ಮಗುಚದಂತೆ ಅಲ್ಲಿನವರು ಕುದುರೆಯ ಹೊಟ್ಟೆಗೆ ಮುಂದೊಂದು ಹಿಂದೊಂದು, ಹೀಗೆ ಎರಡು ಪಟ್ಟಿಗಳನ್ನು ಕಟ್ಟಿದರು. ಕ್ಯಾಲಿಫೋರ್ನಿಯದಲ್ಲಾದರೋ ಹಸಿ ತೊಗಲಿನ ಎಳೆಗಳನ್ನು ಹೆಣೆದು ಮಾಡಿದ ಉದ್ದನೆಯ ಹಗ್ಗವಿತ್ತು. ದೂರಕ್ಕೆ ಸೊಗಸಾಗಿ ಹಾರಿಹೋಗುವ ಆ ಹಗ್ಗ ಹಠಾತ್ತಾದ ಜಗ್ಗನ್ನು ತಾಳಲಾರದೆ ಹರಿದುಹೋಗುವಂಥದು. ಆದುದರಿಂದ ಅಲ್ಲಿನ ಸವಾರನು ಹಗ್ಗವನ್ನು ಗಂಟುಹಾಕದೆ, ಕುಣಿಕೆ ಬಿದ್ದ ಮೇಲೆ ಕೊಂಬಿಗೆ ಎರಡು ಮೂರು ಸುತ್ತು ಸುತ್ತಿ, ಸ್ವಲ್ಪ ಸ್ವಲ್ಪವಾಗಿ ಜಾರಗೊಡುತ್ತ ಪಶುವಿನ ವೇಗವನ್ನು ತಗ್ಗಿಸುತ್ತಿದ್ದನು; ಜಗ್ಗು ಮೃದುವಾದ್ದರಿಂದ ನಡುವೆ ಒಂದೇ ಪಟ್ಟಿಯಿದ್ದರೆ ಅವನಿಗೆ ಸಾಕಾಗುತ್ತಿತ್ತು. ಈ ಎರಡನೆಯ ಕ್ರಮದಲ್ಲಿ ಸುತ್ತಿಗೂ ಕೊಂಬಿಗೂ ನಡುವೆ ಹೆಬ್ಬೆರಳು ಸಿಕ್ಕಿ ಕತ್ತರಿಸಿಹೋಗುವ ಅಪಾಯವಿದೆ. ಹಗ್ಗದ ಕೆಲಸದಲ್ಲಿ ಪಳಗಿದವರಲ್ಲಿಯೂ ಹೆಬ್ಬೆರಳಿಲ್ಲದವರು ಕಾಣಸಿಗುವುದು ಇದೇ ಕಾರಣದಿಂದ. ಕೊಂಬಿಗೆ ರಬ್ಬರಿನ ಪಟ್ಟಿಯನ್ನು ಸುತ್ತಿದರೆ ಹಗ್ಗ ಕಚ್ಚಿ ನಿಲ್ಲುತ್ತದೆ, ಹೇಸರಗತ್ತೆಯ ಚರ್ಮವನ್ನು ಸುತ್ತಿದರೆ ಜಾರುತ್ತದೆ. ಯಾವುದು ಬೇಕೆಂಬುದನ್ನು ಕೆಲಸವೇ ನಿರ್ಣಯಿಸುತ್ತದೆ.

1865ರಲ್ಲಿ ಅಂತರ್ಯುದ್ಧವು ಮುಗಿದ ಮೇಲೆ ಟೆಕ್ಸಸ್ಸಿನ ದನಗಳನ್ನು ಕ್ಯಾನ್ಸಸ್ಸಿನ ರೈಲುನಿಲ್ದಾಣಗಳವರೆಗೆ ತಿಂಗಳುಗಟ್ಟಲೆ ಅಟ್ಟಿಕೊಂಡು ಹೋಗುವ ಕಾಲ ಬಂದು, ಷಯನ್, ಪ್ವೆಬ್ಲೊ ಮೊದಲಾದ ಊರುಗಳು ಜೀನುಗಾರರ ಹೆಸರಿನಿಂದಲೇ ಪ್ರಖ್ಯಾತವಾದವು. 1905ರಲ್ಲಿ ಓರೆಗನ್ನಿನ ಪೆಂಡಲ್ಟನ್ನಿಗೆ ಬಂದು ನೆಲೆಸಿದ ಹ್ಯಾಮ್ಲಿ ಕಂಪನಿಯ ಹೆಸರನ್ನು ಇಂದಿಗೂ ಬಲ್ಲವರು ಗೌರವದಿಂದ ಹೇಳುತ್ತಾರೆ. ವಯೋಮಿಂಗಿನ ಷೆರಿಡನ್ ಪಟ್ಟಣದಲ್ಲಿ ಡಾನ್ ಕಿಂಗ್ ಎಂಬ ಕುಶಲಿಯು ಕಾಡುಗುಲಾಬಿಯ ಬಳ್ಳಿಯನ್ನು ಚರ್ಮದಲ್ಲಿ ಕೊರೆಯುವ ಒಂದು ಶೈಲಿಯನ್ನೇ ನಿರ್ಮಿಸಿದನು. ನೋಡಿದವರ ಕಣ್ಣು ತಣಿಯುವಂಥ ಕೆಲಸವದು. ಆದರೆ ಕುದುರೆಯ ಬೆನ್ನಿಗೆ ತಾಕುವುದು ಜೀನಿನ ಆ ಮುಖವಲ್ಲ.

ಬೆನ್ನಿಗೆ ಸಂಬಂಧಿಸಿದುದು ಚರ್ಮದೊಳಗೆ ಅಡಗಿರುವ, ಅಮೆರಿಕೆಯವರು ಟ್ರೀ ಎಂದು ಕರೆಯುವ ಚೌಕಟ್ಟು. ಸಂಪ್ರದಾಯದಂತೆ ಇದನ್ನು ಮರದಲ್ಲಿ ಕೆತ್ತಿ, ಮೇಲೆ ಹದಮಾಡದ ಹಸಿ ತೊಗಲನ್ನು ಹಚ್ಚಿ ಹೊಲಿಯುತ್ತಾರೆ. ಒಣಗಿದಂತೆಲ್ಲ ಕುಗ್ಗುವ ತೊಗಲು ಮರವನ್ನು ಮೊಳೆಯಿಂದಲೂ ಸಾಧ್ಯವಾಗದಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಈಚೆಗೆ ಫೈಬರ್ ಗ್ಲಾಸು ಮತ್ತು ಪ್ಲಾಸ್ಟಿಕ್ಕಿನ ಚೌಕಟ್ಟುಗಳೂ ಬಂದಿವೆ. ಚೌಕಟ್ಟಿನ ಜೀವಾಳವೆಂದರೆ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಉದ್ದಕ್ಕೂ ಒರಗುವ, ಬಾರ್ ಎಂಬ ಎರಡು ಹಲಗೆಗಳು. ಸವಾರನ ಭಾರವೆಲ್ಲವೂ ಈ ಎರಡು ಹಲಗೆಗಳ ಮೂಲಕ ಬೆನ್ನಿನ ಮಾಂಸಖಂಡಗಳ ಮೇಲೆ ವಿಸ್ತಾರವಾಗಿ ಹರಡಬೇಕು, ನಡುವಿನ ಬೆನ್ನೆಲುಬಿಗೆ ಏನೂ ಸೋಕಕೂಡದು; ಇದೇ ಈ ಜೀನಿನ ಮೂಲತತ್ತ್ವ. ಇಷ್ಟು ಭಾರವಾದ ಜೀನನ್ನು ಕುದುರೆಯು ಇಡೀ ದಿನ ಸಹಿಸುವುದು ಹೇಗೆಂದು ಕೇಳುವವರಿಗೆ ಉತ್ತರವೂ ಇಲ್ಲಿಯೇ ಇದೆ. ಆದರೂ ಸವಾರ, ಜೀನು, ಸಾಮಾನು ಎಲ್ಲವೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬ ಹಳೆಯ ಲೆಕ್ಕವನ್ನು ಮರೆಯಬಾರದು: 450 ಕಿಲೋ ತೂಗುವ ಕುದುರೆಗೆ 90 ಕಿಲೋ ಮಿತಿಯಾದರೆ, 20 ಕಿಲೋ ಜೀನಿಗೇ ಹೋಗಿ ಸವಾರನಿಗೆ ಉಳಿಯುವುದು 70.

ನೊಗ ಹೊಂದದೆ ಎತ್ತಿನ ಹೆಗಲು ಹುಣ್ಣಾದುದನ್ನು ಕಂಡಿರುವ ನಮ್ಮ ರೈತನಿಗೆ ಜೀನಿನ ಹೊಂದಿಕೆಯ ಮಹತ್ತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಪರೀಕ್ಷೆ ಮಾಡುವ ಕ್ರಮ ಹೀಗೆ. ಕುದುರೆಯನ್ನು ಸಮನೆಲದ ಮೇಲೆ ನಾಲ್ಕು ಕಾಲುಗಳಲ್ಲಿಯೂ ಸಮವಾಗಿ ನಿಲ್ಲಿಸಿ, ಕಂಬಳಿಯನ್ನು ಹಾಕದೆ, ಬರಿಯ ಬೆನ್ನಿನ ಮೇಲೆ ಜೀನನ್ನು ಕೊಂಚ ಮುಂದಾಗಿ ಇಟ್ಟು ಮೆಲ್ಲಗೆ ಹಿಂದಕ್ಕೆ ಜಾರಿಸಬೇಕು. ಹೆಗಲಿನ ಚಪ್ಪಟೆಯ ಎಲುಬು ಮುಗಿಯುವೆಡೆಯಲ್ಲಿ ಅದು ತಾನಾಗಿಯೇ ನೆಲೆಗೊಳ್ಳುತ್ತದೆ. ಕತ್ತು ಮುಗಿದು ಬೆನ್ನು ಆರಂಭವಾಗುವಲ್ಲಿ ಕುದುರೆಗೆ ಒಂದು ದಿಬ್ಬವಿದೆಯಷ್ಟೆ. ಆ ದಿಬ್ಬಕ್ಕೂ ಜೀನಿನ ಮುಂಗಮಾನಿಗೂ ನಡುವೆ ಎರಡು ಮೂರು ಬೆರಳುಗಳು ಹಿಡಿಸುವಷ್ಟು ಎಡೆಯಿರಬೇಕು. ಮುಂಗಮಾನಿನ ಅಗಲ ಕಿರಿದಾದರೆ ಜೀನು ಮುಂದೆ ಎತ್ತರವಾಗಿ ಕುಳಿತು ಹೆಗಲನ್ನು ಹಿಂಡುತ್ತದೆ. ಹೆಚ್ಚಾದರೆ ಕುಸಿದು ದಿಬ್ಬದ ಮೇಲೆಯೇ ಕೂರುತ್ತದೆ. ಎದೆ ತುಂಬಿ ಬೆನ್ನು ಹರಡಿದ ಕ್ವಾರ್ಟರ್ ತಳಿಯ ಕುದುರೆಗೂ ದಿಬ್ಬ ಚೂಪಾಗಿರುವ ಥರೋಬ್ರೆಡ್ಡಿಗೂ ಒಂದೇ ಜೀನು ಸಲ್ಲದಿರುವುದು ಈ ಕಾರಣದಿಂದ. ಇನ್ನು ಹಲಗೆಗಳ ಅಡಿಯಲ್ಲಿ ಅಂಗೈಯನ್ನು ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆದುಕೊಂಡು ಹೋಗಬೇಕು. ಒತ್ತಡ ಎಲ್ಲೆಲ್ಲಿಯೂ ಸಮನಾಗಿದ್ದರೆ ಸರಿ. ಎರಡು ತುದಿಗಳಲ್ಲಿ ಬಿಗಿಯಾಗಿ ನಡುವೆ ಪೊಳ್ಳಾಗಿದ್ದರೆ ಭಾರವೆಲ್ಲ ನಾಲ್ಕು ಬಿಂದುಗಳಲ್ಲಿ ಬೀಳುತ್ತದೆ. ನಡುವೆಯೇ ಬಿಗಿಯಾಗಿ ತುದಿಗಳು ಎದ್ದಿದ್ದರೆ ಹೆಜ್ಜೆ ಹೆಜ್ಜೆಗೂ ಜೀನು ತೂಗುತ್ತದೆ. ಹಿಂದಿನ ಕಡೆಯಲ್ಲಿ ಭಾರ ಹೊರುವ ಹಲಗೆಗಳು ಕೊನೆಯ ಪಕ್ಕೆಲುಬನ್ನು ದಾಟಿ ಸೊಂಟದ ಮೇಲೆ ಹೋಗಲಾಗದು.

ಇಷ್ಟಾದರೂ ಅಂತಿಮ ತೀರ್ಮಾನವನ್ನು ಕೊಡತಕ್ಕದು ಕುದುರೆಯೇ. ಚೆನ್ನಾಗಿ ಬೆವರುವಷ್ಟು ಸವಾರಿಮಾಡಿ ಜೀನನ್ನು ಇಳಿಸಿದಾಗ, ಬೆನ್ನೆಲುಬಿನ ಉದ್ದಕ್ಕೂ ಒಂದು ಒಣಗಿದ ಓಣಿಯೂ ಅದರ ಎರಡು ಪಕ್ಕಗಳಲ್ಲಿ ಸಮನಾದ ಒದ್ದೆಯೂ ಕಂಡುಬಂದರೆ ಸಂತೋಷಪಡಬಹುದು. ಒದ್ದೆಯ ನಡುವೆ ಅಂಗೈಯಗಲದ ಒಣ ತೇಪೆಯೊಂದು ಉಳಿದಿದ್ದರೆ, ಅಲ್ಲಿ ಒಂದೋ ಒತ್ತಡ ವಿಪರೀತವಾಗಿದೆ, ಇಲ್ಲವೇ ಜೀನು ತಾಕುತ್ತಲೇ ಇಲ್ಲ. ಎರಡರಲ್ಲಿ ಯಾವುದೆಂಬುದನ್ನು ಬೆರಳಿನಿಂದ ಒತ್ತಿ ನೋಡಿ ತಿಳಿಯಬೇಕು. ಒತ್ತಿದಲ್ಲಿ ಕುದುರೆ ಬೆನ್ನನ್ನು ತಗ್ಗಿಸಿ ನುಣುಚಿಕೊಂಡರೆ ನೋವಿದೆಯೆಂದೇ ಅರ್ಥ. ಕಪ್ಪು ಅಥವಾ ಕಂದು ಕುದುರೆಯ ದಿಬ್ಬದ ಅಕ್ಕಪಕ್ಕದಲ್ಲಿ ಕಾಣುವ ಬಿಳಿಗೂದಲ ಮಚ್ಚೆಗಳನ್ನು ಅನೇಕರು ಹುಟ್ಟುಗುರುತೆಂದು ಭ್ರಮಿಸುತ್ತಾರೆ. ಅವು ಬಹುಮಟ್ಟಿಗೆ ಹಿಂದೊಮ್ಮೆ ಹೊಂದದ ಜೀನು ಒತ್ತಿ ರೋಮಮೂಲದ ಬಣ್ಣವನ್ನೇ ಕೊಂದುದರ ಫಲ. ಜೀನನ್ನು ಹೊರಿಸುವಾಗ ಕಿವಿಯನ್ನು ಹಿಂದಕ್ಕೆ ಮಡಿಸುವ, ಕಚ್ಚಲು ತಿರುಗುವ ಕುದುರೆಯನ್ನು ಹಠಮಾರಿಯೆಂದು ದಂಡಿಸುವುದಕ್ಕೆ ಮುಂಚೆ ಅದರ ಬೆನ್ನನ್ನು ತಡವಿ ನೋಡದವನು ಸವಾರನೆಂಬ ಹೆಸರಿಗೆ ಅರ್ಹನಲ್ಲವೆಂದು ನನ್ನ ಅಭಿಪ್ರಾಯ. ಕುದುರೆಯ ಬೆನ್ನು ಮೇವಿನೊಡನೆ, ದುಡಿಮೆಯೊಡನೆ, ವಯಸ್ಸಿನೊಡನೆ ಬದಲಾಗತಕ್ಕದ್ದಾದ್ದರಿಂದ ಈ ಪರೀಕ್ಷೆಯನ್ನು ಒಮ್ಮೆ ಮಾಡಿ ಬಿಡುವಂತೆಯೂ ಇಲ್ಲ.

ಸವಾರನ ಅಳತೆ ಇದಕ್ಕಿಂತ ಸುಲಭ. ಆಸನದ ಉದ್ದವನ್ನು ಅಂಗುಲಗಳಲ್ಲಿ ಹೇಳುತ್ತಾರೆ; ಪ್ರೌಢರಿಗೆ 14ರಿಂದ 17 ಅಂಗುಲ ಸಾಮಾನ್ಯ. ಕುಳಿತಾಗ ತೊಡೆಗೂ ಮುಂಗಮಾನಿಗೂ ನಡುವೆ ನಾಲ್ಕು ಬೆರಳು ಎಡೆಯಿದ್ದರೆ ಅಳತೆ ಸರಿಯೆನ್ನಬಹುದು. ಇಂಗ್ಲಿಷ್ ಜೀನಿನಲ್ಲಿ ಅಭ್ಯಾಸವಿದ್ದವರು ತಮ್ಮ ಹಳೆಯ ಅಳತೆಯಲ್ಲಿ ಎರಡು ಅಂಗುಲ ಕಳೆದು ಕೇಳಬೇಕು.

ಕೆಲಸದ ಭೇದದಿಂದ ಬಂದ ಬಗೆಗಳು ಹಲವು. ಹಗ್ಗದ ಕೆಲಸದ ಜೀನಿಗೆ ದಪ್ಪ ಕೊಂಬು, ಬಲವಾದ ಚೌಕಟ್ಟು, ಸವಾರನು ಕ್ಷಣಾರ್ಧದಲ್ಲಿ ನೆಲಕ್ಕೆ ಹಾರಲು ಅಡ್ಡಿಯಾಗದಂತೆ ತಗ್ಗಾದ ಹಿಂದಿಂಡು. ಪೀಪಾಯಿಗಳನ್ನು ಸುತ್ತಿ ಓಡುವ ಬ್ಯಾರಲ್ ಪಂದ್ಯದ ಜೀನಾದರೆ ಹಗುರ, ಆಳವಾದ ಆಸನ, ಎತ್ತರವಾದ ಹಿಂದಿಂಡು. ಹಿಂಡಿನಿಂದ ಒಂದು ಪಶುವನ್ನು ಬೇರ್ಪಡಿಸುವ ಕಟಿಂಗ್ ಸ್ಪರ್ಧೆಯಲ್ಲಿ ಕುದುರೆ ಎಡಬಲಕ್ಕೆ ಮಿಂಚಿನಂತೆ ಹೊರಳುವುದರಿಂದ ಅಲ್ಲಿ ಕೊಂಬು ನಿಜವಾಗಿಯೂ ಕೈಯಾಸರೆ. ಆದುದರಿಂದ ಅದು ತೆಳುವಾಗಿಯೂ ಉದ್ದವಾಗಿಯೂ ಇರುತ್ತದೆ. ಕಾಡುದಾರಿಯಲ್ಲಿ ವಿರಾಮವಾಗಿ ಸಂಚರಿಸುವವರ ಟ್ರೇಲ್ ಜೀನು ಮೆತ್ತನೆಯ ಆಸನದ್ದು, ಹಗುರವಾದುದು; ದೂರದ ಸಹನಪಂದ್ಯದವರು ಕೊಂಬನ್ನೇ ತೆಗೆದುಹಾಕಿದ್ದಾರೆ. ದನವನ್ನು ಎಂದೂ ಹಿಡಿಯದವನು ಹಗ್ಗದ ಕೆಲಸದ ಭಾರಿ ಜೀನನ್ನು ಅದರ ಗಾಂಭೀರ್ಯಕ್ಕೆ ಮರುಳಾಗಿ ಕೊಂಡರೆ, ಆ ವ್ಯಾಮೋಹದ ಭಾರವನ್ನು ದಿನವೂ ಹೊರುವುದು ಅವನ ಕುದುರೆ.

ಬಳಕೆಯ ವಿಷಯದಲ್ಲಿ ಮೊದಲನೆಯದು ಕಂಬಳಿ. ಉಣ್ಣೆಯದಾದರೆ ಉತ್ತಮ, ಬೆವರನ್ನು ಹೀರುತ್ತದೆ, ಗಾಳಿಯಾಡಗೊಡುತ್ತದೆ. ಅದನ್ನು ಮುಂದಾಗಿ ಹಾಕಿ, ರೋಮದ ದಿಕ್ಕಿನಲ್ಲಿ ಹಿಂದಕ್ಕೆಳೆದು, ಜೀನನ್ನು ಇಟ್ಟ ಮೇಲೆ ದಿಬ್ಬದ ನೇರದಲ್ಲಿ ಮುಂಗಮಾನಿನೊಳಕ್ಕೆ ಎತ್ತಿ ಸಿಕ್ಕಿಸಬೇಕು; ಇಲ್ಲದಿದ್ದರೆ ಬಿಗಿದ ಕಂಬಳಿಯೇ ದಿಬ್ಬವನ್ನು ಉಜ್ಜುತ್ತದೆ. ಕಿರಿದಾದ ಜೀನಿನ ದೋಷವನ್ನು ದಪ್ಪ ಕಂಬಳಿಯಿಂದ ಮರೆಮಾಡುವೆನೆಂಬುದು ಬಹು ಪ್ರಚಲಿತವಾದ ಭ್ರಾಂತಿ. ದಪ್ಪವಾದಷ್ಟೂ ಇಕ್ಕಟ್ಟು ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಜೀನನ್ನು ಕುದುರೆಯ ಎಡಪಕ್ಕದಿಂದ, ಬಲಗಡೆಯ ರಿಕಾಪನ್ನೂ ಪಟ್ಟಿಯನ್ನೂ ಆಸನದ ಮೇಲೆ ಮಡಿಸಿಕೊಂಡು, ಎತ್ತರಕ್ಕೆತ್ತಿ ಮೆತ್ತಗೆ ಇಳಿಸಬೇಕು. ಧೊಪ್ಪನೆ ಎಸೆಯುವುದನ್ನು ಚಲನಚಿತ್ರದ ವೀರರಿಗೆ ಬಿಟ್ಟುಬಿಡುವುದು ಒಳ್ಳೆಯದು.

ಹೊಟ್ಟೆಪಟ್ಟಿಯು ಮುಂಗಾಲಿನ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಬರಬೇಕು. ಅದನ್ನು ಒಂದೇ ಸಲಕ್ಕೆ ಬಿಗಿಯಕೂಡದು. ಜೀನು ಬೀಳದಷ್ಟು ಮೊದಲು ಬಿಗಿದು, ಕುದುರೆಯನ್ನು ಕೆಲವು ಹೆಜ್ಜೆ ನಡೆಯಿಸಿ ಮತ್ತೆ ಬಿಗಿದು, ಹತ್ತುವುದಕ್ಕೆ ಮುಂಚೆ ಒಮ್ಮೆ, ಹತ್ತು ನಿಮಿಷ ಸವಾರಿಯಾದ ಮೇಲೆ ಇನ್ನೊಮ್ಮೆ ನೋಡಬೇಕು. ಬಿಗಿಯುವ ಹೊತ್ತಿನಲ್ಲಿ ಎದೆಯನ್ನು ಉಬ್ಬಿಸಿ ನಿಲ್ಲುವ ಕುದುರೆಗಳು ಅಪರೂಪವಲ್ಲ. ಅಂಥದರ ಮೇಲೆ ಆತುರಪಟ್ಟು ಹತ್ತಿದವನು ಜೀನಿನೊಡನೆ ಪಕ್ಕಕ್ಕೆ ಜಾರಿ ಅದರ ಹೊಟ್ಟೆಯಡಿಯಲ್ಲಿ ತಲೆಕೆಳಗಾಗುತ್ತಾನೆ. ಪಟ್ಟಿಗಳು ಎರಡಿದ್ದರೆ ಕಟ್ಟುವಾಗ ಮುಂದಿನದು ಮೊದಲು, ಬಿಚ್ಚುವಾಗ ಹಿಂದಿನದು ಮೊದಲು. ಈ ಕ್ರಮವನ್ನು ಎಂದೂ ತಪ್ಪಬಾರದು. ಹಿಂದಿನ ಪಟ್ಟಿಯೊಂದೇ ಕಟ್ಟಿರುವ ಸಮಯದಲ್ಲಿ ಕುದುರೆ ಬೆದರಿತೆಂದರೆ ಜೀನು ಹೊಟ್ಟೆಯಡಿಗೆ ತಿರುಗಿ, ಪಟ್ಟಿ ಸೂಕ್ಷ್ಮವಾದ ಕೆಳಹೊಟ್ಟೆಯನ್ನು ಹಿಡಿದು, ಕುದುರೆ ಹುಚ್ಚಾಗಿ ನೆಗೆಯತೊಡಗುತ್ತದೆ. ಹಿಂದಿನ ಪಟ್ಟಿ ಮೈಗೆ ಸೋಕಿರಬೇಕು, ಬಿಗಿದಿರಬಾರದು. ಜೋತುಬಿದ್ದರೂ ಕೇಡೇ: ನೊಣವನ್ನು ಒದೆಯಲು ಎತ್ತಿದ ಹಿಂಗಾಲು ಅದರಲ್ಲಿ ಸಿಕ್ಕಿಕೊಳ್ಳಬಹುದು. ಎರಡು ಪಟ್ಟಿಗಳನ್ನೂ ಹೊಟ್ಟೆಯಡಿಯಲ್ಲಿ ಒಂದು ಸಣ್ಣ ಬಾರು ಜೋಡಿಸಿರತಕ್ಕದ್ದು.

ಇನ್ನು ಪಾಲನೆ. ಚರ್ಮವು ಸತ್ತ ವಸ್ತುವಾದರೂ ಅದಕ್ಕೆ ಆಹಾರ ಬೇಕೆಂದು ಜೀನುಗಾರರು ಹೇಳುವುದರಲ್ಲಿ ಅತಿಶಯೋಕ್ತಿ ಹೆಚ್ಚಿಲ್ಲ. ಮರದ ತೊಗಟೆಯ ಕಷಾಯದಲ್ಲಿ ಹದಮಾಡಿದ ಈ ದಪ್ಪ ಚರ್ಮದ ಎಳೆಗಳ ನಡುವೆ ಕೊಬ್ಬಿನ ಅಂಶವಿರುವವರೆಗೆ ಅದು ಬಾಗುತ್ತದೆ. ನೀರು, ಬಿಸಿಲು, ಬೆವರಿನ ಉಪ್ಪು ಸೇರಿ ಆ ಅಂಶವನ್ನು ಹೊರಹಾಕಿದ ಮೇಲೆ ಬಿರಿಯುತ್ತದೆ. ಪ್ರತಿದಿನದ ಕೆಲಸ ಅಲ್ಪವೇ: ಒಣ ಬಟ್ಟೆಯಿಂದ ಧೂಳು ಒರೆಸುವುದು, ಬೆವರು ತಾಕಿದ ಬಾರುಗಳನ್ನು ಒದ್ದೆ ಬಟ್ಟೆಯಿಂದ ತಿಕ್ಕುವುದು, ಅಡಿಗೆ ಹೊಲಿದಿರುವ ಕುರಿಯ ತುಪ್ಪಟವನ್ನು ಕೂದಲು, ಮುಳ್ಳು ಉಳಿಯದಂತೆ ಬಾಚುವುದು. ಕೆಲವು ವಾರಗಳಿಗೊಮ್ಮೆ ಬಾರುಗಳನ್ನೆಲ್ಲ ಬಿಚ್ಚಿ, ಸ್ಯಾಡಲ್ ಸೋಪಿನ ನೊರೆಯಿಂದ, ನೀರು ಅತಿಯಾಗದಂತೆ ತೊಳೆಯಬೇಕು. ಬಟ್ಟೆಸೋಪಿನ ಕ್ಷಾರ ಈ ಚರ್ಮಕ್ಕೆ ಶತ್ರು. ಮಳೆಯಲ್ಲಿ ತೊಯ್ದ ಜೀನನ್ನು ಒಲೆಯ ಬಳಿಯಲ್ಲಾಗಲಿ ಉರಿಬಿಸಿಲಿನಲ್ಲಾಗಲಿ ಇಡದೆ ಗಾಳಿಯಾಡುವ ನೆರಳಿನಲ್ಲಿ ಸಾವಕಾಶವಾಗಿ ಆರಿಸಬೇಕು. ಅವಸರದಲ್ಲಿ ಒಣಗಿದ ಚರ್ಮ ಮತ್ತೆ ಮೊದಲಿನಂತಾಗುವುದಿಲ್ಲ.

ಆರಿದ ಮೇಲೆ, ದನದ ಕಾಲೆಲುಬು ಮತ್ತು ಪಾದಗಳಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆಯನ್ನು ತುಪ್ಪಟದ ತುಣುಕಿನಿಂದ ತೆಳುವಾಗಿ ಸವರಿ ಒಂದು ರಾತ್ರಿ ಬಿಟ್ಟು, ಬೇಕೆನಿಸಿದರೆ ಇನ್ನೊಮ್ಮೆ ಸವರುವುದು ಪದ್ಧತಿ. ಅಕ್ಕರೆಯ ಹೆಸರಿನಲ್ಲಿ ಎಣ್ಣೆಯಲ್ಲಿ ಅದ್ದಿ ತೆಗೆದಂತೆ ಮಾಡುವುದೂ ತಪ್ಪು. ಅತಿಯಾದ ಎಣ್ಣೆಯಿಂದ ಚರ್ಮ ಮೆತ್ತಗಾಗಿ ಜೋಲುತ್ತದೆ, ಬಣ್ಣ ಕಪ್ಪಿಡುತ್ತದೆ, ಹೊಲಿಗೆ ಕೊಳೆಯುತ್ತದೆ. ಬೂಷ್ಟು ಹಿಡಿದರೆ ಮನೆಯೊಳಗೆ ಕೊಡವದೆ ಹೊರಗೊಯ್ದು ಒರೆಸಬೇಕು. ತೇವದ ಕಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕುವವರು ತಾವೇ ಬೂಷ್ಟನ್ನು ಸಾಕಿದಂತೆ. ಹತ್ತಿಯ ಬಟ್ಟೆ ಸಾಕು. ಜೀನನ್ನು ನೆಲದ ಮೇಲೆ ಒಗೆಯದೆ, ಕುದುರೆಯ ಬೆನ್ನಿನ ಆಕಾರದ ಮರದ ಆಸರೆಯ ಮೇಲೆ, ಅಂಚುಗಳು ಮಡಿಚಿಹೋಗದಂತೆ ಇಡಬೇಕು. ಹೊಸ ಜೀನಿನ ರಿಕಾಪುಗಳು ಪಕ್ಕಕ್ಕೆ ತಿರುಗಿ ನಿಂತು ಮೊಣಕಾಲಿಗೆ ನೋವು ಕೊಡುವುದುಂಟು. ಆ ಚರ್ಮವನ್ನು ತೇವಮಾಡಿ, ರಿಕಾಪುಗಳನ್ನು ತಿರುಚಿ, ಎರಡರೊಳಗೂ ಒಂದು ಪೊರಕೆಯ ಕೋಲನ್ನು ತೂರಿಸಿ ಕೆಲವು ದಿನ ಹಾಗೆಯೇ ಬಿಟ್ಟರೆ ಸರಿಹೋಗುತ್ತದೆ. ಹೊಟ್ಟೆಪಟ್ಟಿಯನ್ನು ಜೀನಿಗೆ ಬಿಗಿಯುವ ಬಾರು ಉಂಗುರದಲ್ಲಿ ಮಡಿಚುವ ಎಡೆಯನ್ನೂ, ರಿಕಾಪನ್ನು ಹೊತ್ತ ಚರ್ಮವನ್ನೂ ಮಾತ್ರ ಪ್ರತಿ ಸವಾರಿಗೂ ಮುಂಚೆ ಕಣ್ಣಿಟ್ಟು ನೋಡಬೇಕು. ಹೂಬಳ್ಳಿ ಮಾಸಿದರೆ ಪ್ರಾಣಹಾನಿಯಿಲ್ಲ, ಅವು ಹರಿದರೆ ಇದೆ.

ಕೊಳ್ಳುವವರ ಮುಂದೆ ಇಂದು ಮಾರುಕಟ್ಟೆ ವಿಶಾಲವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸೈನ್ಯಕ್ಕಾಗಿ ಸರ್ಕಾರವು ಜೀನಿನ ಕಾರ್ಖಾನೆಯನ್ನು ತೆರೆದ ನಮ್ಮ ಕಾನ್ಪುರದಿಂದಲೂ ಕೊಂಬಿನ ಜೀನುಗಳು ಅಮೆರಿಕೆಗೆ ರಫ್ತಾಗುತ್ತವೆ. ಅತಿ ಅಗ್ಗವಾದ ಆಮದು ಜೀನುಗಳ ಚೌಕಟ್ಟನ್ನು ಅಲ್ಲಿನ ಹಳಬರು ನಂಬುವುದಿಲ್ಲವೆಂಬ ಮಾತನ್ನು ಮುಚ್ಚಿಡಬೇಕಾಗಿಲ್ಲ; ಆ ಅಪಖ್ಯಾತಿಗೆ ನಮ್ಮ ಕುಶಲಿಗಳ ಕೈಗಿಂತಲೂ, ಕೇವಲ ಬೆಲೆಯನ್ನು ಕೇಳಿ ಬೇಡಿಕೆ ಸಲ್ಲಿಸುವ ವ್ಯಾಪಾರಿಗಳು ಹೆಚ್ಚು ಹೊಣೆಯೆಂದು ನನಗೆ ತೋರುತ್ತದೆ. ಅದೇ ಹಣಕ್ಕೆ ಒಳ್ಳೆಯ ಜೀನುಗಾರನು ಮಾಡಿದ ಹಳೆಯ ಜೀನು ದೊರೆಯುವುದಾದರೆ ಅದನ್ನು ಕೊಳ್ಳುವುದೇ ಲೇಸು, ಚೌಕಟ್ಟು ಮುರಿದಿಲ್ಲವೆಂಬುದನ್ನು ಪರೀಕ್ಷಿಸಿಕೊಳ್ಳುವ ಷರತ್ತಿನ ಮೇಲೆ. ಮುಂಗಮಾನನ್ನು ತೊಡೆಗೆ ಆನಿಸಿಕೊಂಡು ಹಿಂದಿಂಡನ್ನು ಎರಡು ಕೈಗಳಿಂದ ತನ್ನ ಕಡೆಗೆ ಬಲವಾಗಿ ಎಳೆದಾಗ ನಡುವೆ ಬಳುಕಿದರೆ, ಕಿರುಗುಟ್ಟಿದರೆ, ಆಸನದ ಚರ್ಮದಲ್ಲಿ ಸುಕ್ಕು ಮೂಡಿದರೆ, ಒಳಗೆ ಮರ ಬಿಟ್ಟಿದೆಯೆಂದು ಸಂದೇಹಿಸಬೇಕು. ಬಾಗುವಂತೆಯೇ ರಬ್ಬರಿನಿಂದ ಮಾಡಿದ ಕೆಲವು ಹೊಸ ಬಗೆಗಳಿಗೆ ಮಾತ್ರ ಈ ಪರೀಕ್ಷೆ ಸಲ್ಲದು. ಆಮೇಲೆ ತಲೆಕೆಳಗಾಗಿಸಿ ತುಪ್ಪಟದ ಸವೆತ ಎರಡು ಪಕ್ಕದಲ್ಲಿಯೂ ಒಂದೇ ಸಮನೆ ಇದೆಯೋ ಎಂಬುದನ್ನೂ ನೋಡಬೇಕು. ಹಣ ಕೊಡುವುದಕ್ಕೆ ಮುಂಚೆ ಕೆಲವು ದಿನ ಕುದುರೆಯ ಮೇಲೆ ಹಾಕಿ ನೋಡಲು ಒಪ್ಪುವ ಮಾರಾಟಗಾರರು ಅಲ್ಲಿ ಇದ್ದಾರೆ. ಒಪ್ಪದವನಾದರೆ, ಕುದುರೆಯನ್ನೇ ಅವನ ಅಂಗಡಿಯ ಬಾಗಿಲಿಗೆ ಹೊಡೆದುಕೊಂಡು ಹೋಗಲು ಸಂಕೋಚಪಡಬೇಕಾದುದಿಲ್ಲ.